ನೋಕಿಯಾದ ದೊಡ್ಡ ಫೋನ್ ಬರ್ತಿದೆಯಂತೆ, ಹೌದಾ? ಪದೇ ಪದೇ ಕೇಳುವ ಪ್ರಶ್ನೆಗಳು

ತಿಪಟೂರಿನಲ್ಲಿ ನಮ್ಮದೊಂದು ಮೊಬೈಲ್ ಅಂಗಡಿ. ಮಾರಾಟವೂ ಇದೆ, ರಿಪೇರಿಯೂ ಇದೆ. 2004ರಿಂದ ಇದೇ ಕೌಂಟರ್. ನೋಕಿಯಾ ಹೆಸರಿನಲ್ಲಿ ಹೊಸ ಫ್ಲ್ಯಾಗ್‌ಶಿಪ್ ಬರುತ್ತಿದೆ ಎಂಬ ಸುದ್ದಿ ಏಳುವುದು, ಇಳಿಯುವುದು, ಮತ್ತೆ ಏಳುವುದು ನಡೆದೇ ಇದೆ. ಸುದ್ದಿ ಎದ್ದಾಗಲೆಲ್ಲ ಅಂಗಡಿಗೆ ಬಂದವರು, ಫೋನ್ ಮಾಡಿದವರು, ವಾಟ್ಸಾಪಿನಲ್ಲಿ ಚಿತ್ರ ಕಳಿಸಿದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಅವರು ಕೇಳಿದ ಮಾತಿನಲ್ಲೇ ಬರೆದಿದ್ದೇನೆ.

## ಮೊದಲಿಗೆ

ಅಣ್ಣಾ, ನೋಕಿಯಾ ಕಂಪನಿ ಮುಚ್ಚೋಯ್ತಲ್ಲ, ಮತ್ತೆ ಫೋನ್ ಹೇಗೆ ಬರುತ್ತೆ?

ಕಂಪನಿ ಮುಚ್ಚಿಲ್ಲ, ಗಟ್ಟಿಯಾಗಿಯೇ ಇದೆ. ಫಿನ್‌ಲೆಂಡಿನ ಟಾಂಪೆರೆ ಊರಿನಲ್ಲಿ 1865ರಲ್ಲಿ ಫ್ರೆಡ್ರಿಕ್ ಇಡೆಸ್ಟಾಮ್ ಹಾಕಿದ ಮರದ ತಿರುಳಿನ ಗಿರಣಿಯಿಂದ ಶುರುವಾದ ಸಂಸ್ಥೆ ಇದು. ಕಾಗದ, ರಬ್ಬರ್ ಬೂಟು, ಕೇಬಲ್ ಎಲ್ಲ ಮಾಡಿ ಆಮೇಲೆ ಫೋನಿಗೆ ಬಂತು. ಈಗ ಅದರ ಮುಖ್ಯ ಕೆಲಸ ಟೆಲಿಕಾಂ ನೆಟ್‌ವರ್ಕಿನ ಉಪಕರಣ ಮಾಡುವುದು. 2022ರಲ್ಲಿ ಏರ್‌ಟೆಲ್ ಮತ್ತು ಜಿಯೊ ಎರಡೂ 5ಜಿ ಉಪಕರಣಕ್ಕಾಗಿ ನೋಕಿಯಾ ಜೊತೆ ಒಪ್ಪಂದ ಮಾಡಿಕೊಂಡವು. ಬೆಂಗಳೂರಿನಲ್ಲಿ ಅದರ ದೊಡ್ಡ ಸಂಶೋಧನಾ ಕೇಂದ್ರವೇ ಇದೆ. ನಿಮ್ಮ ಕೈಲಿರುವುದು ಯಾವ ಕಂಪನಿಯ ಫೋನೇ ಆಗಲಿ, ನಿಮ್ಮ ಮಾತು ಹಾದುಹೋಗುವ ಟವರಿನಲ್ಲಿ ನೋಕಿಯಾ ಇದ್ದರೂ ಇರಬಹುದು.

ಕೈಬಿಟ್ಟದ್ದು ಫೋನಿನ ವ್ಯಾಪಾರವನ್ನು ಮಾತ್ರ. ಅದನ್ನು ಮೈಕ್ರೋಸಾಫ್ಟ್ 544 ಕೋಟಿ ಯೂರೋಗೆ ಕೊಳ್ಳುವುದಾಗಿ 2013ರ ಸೆಪ್ಟೆಂಬರಿನಲ್ಲಿ ಹೇಳಿತು. 2014ರ ಏಪ್ರಿಲ್ 25ಕ್ಕೆ ವ್ಯವಹಾರ ಮುಗಿಯಿತು.

ಹಾಗಾದ್ರೆ ಆಮೇಲೆ ನೋಕಿಯಾ ಅಂತ ಬಂದ ಫೋನೆಲ್ಲ ಯಾರದು? ಡೂಪ್ಲಿಕೇಟಾ?

ಡೂಪ್ಲಿಕೇಟ್ ಅಲ್ಲ. ಹೆಸರು ನೋಕಿಯಾದ್ದು, ಫೋನು ಎಚ್‌ಎಂಡಿ ಗ್ಲೋಬಲ್‌ದು. ಮೈಕ್ರೋಸಾಫ್ಟ್ ತನ್ನ ಹತ್ತಿರ ಉಳಿದಿದ್ದ ಕೀಪ್ಯಾಡ್ ಫೋನಿನ ವ್ಯಾಪಾರವನ್ನು 35 ಕೋಟಿ ಡಾಲರಿಗೆ ಮಾರುವುದಾಗಿ 2016ರ ಮೇ ತಿಂಗಳಲ್ಲಿ ಹೇಳಿತು. ಕೊಂಡವರು ಬೇರೆ ಕಂಪನಿಗಳಿಗೆ ಫೋನ್ ಮಾಡಿಕೊಡುವ ಫಾಕ್ಸ್‌ಕಾನಿನ ಅಂಗಸಂಸ್ಥೆ ಎಫ್‌ಐಎಚ್ ಮತ್ತು ಹೊಸದಾಗಿ ಹುಟ್ಟಿದ ಎಚ್‌ಎಂಡಿ. ಅದೇ ಹೊತ್ತಿಗೆ ಎಚ್‌ಎಂಡಿ, ಹತ್ತು ವರ್ಷ ಫೋನಿನ ಮೇಲೆ ನೋಕಿಯಾ ಹೆಸರು ಹಾಕಿಕೊಳ್ಳುವ ಲೈಸೆನ್ಸನ್ನೂ ಪಡೆಯಿತು. ಅದರ ಕಚೇರಿ ಇರುವುದೂ ಫಿನ್‌ಲೆಂಡಿನ ಎಸ್ಪೋದಲ್ಲೇ. ಅಲ್ಲಿ ಕೆಲಸಕ್ಕೆ ಸೇರಿದವರಲ್ಲಿ ಹಳೆಯ ನೋಕಿಯಾದವರು ಬಹಳ ಜನ.

ಗ್ರಾಹಕರಿಗೆ ನಾನು ಹೇಳುವುದು ಹೀಗೆ: ತೋಟ ಅದೇ, ಹೆಸರೂ ಅದೇ, ಗುತ್ತಿಗೆಗೆ ಹಿಡಿದವರು ಬೇರೆ. ಕಾಯಿ ಹೇಗೆ ಬರುತ್ತದೆ ಎಂಬುದು ಗುತ್ತಿಗೆದಾರ ಹಾಕುವ ಗೊಬ್ಬರ, ನೀರಿನ ಮೇಲೆ ಹೋಗುತ್ತದೆ.

ಫ್ಲ್ಯಾಗ್‌ಶಿಪ್ ಅಂದ್ರೆ ಏನು? ಎಲ್ರೂ ಅದನ್ನೇ ಹೇಳ್ತಾರೆ.

ಒಂದು ಕಂಪನಿ ಆ ವರ್ಷ ಮಾಡುವ ಅತ್ಯುತ್ತಮ ಫೋನ್. ನೌಕಾಪಡೆಯಲ್ಲಿ ದಂಡನಾಯಕನ ಬಾವುಟ ಹಾರುವ ಹಡಗಿಗೆ ಆ ಹೆಸರಿತ್ತು, ಅಲ್ಲಿಂದ ಬಂದ ಮಾತು. ಫೋನಿನಲ್ಲಿ ನೋಡುವುದಾದರೆ ಆ ವರ್ಷದ ಮೇಲ್ದರ್ಜೆಯ ಪ್ರೊಸೆಸರ್, ಮೇಲ್ದರ್ಜೆಯ ಕ್ಯಾಮೆರಾ ಮತ್ತು ಡಿಸ್ಪ್ಲೇ ಇರಬೇಕು. ಹದಿನೈದು ಸಾವಿರದ ಫೋನನ್ನು ಯಾರಾದರೂ ಫ್ಲ್ಯಾಗ್‌ಶಿಪ್ ಎಂದು ಮಾರಿದರೆ ಆ ಪದವನ್ನು ನಂಬಬೇಡಿ.

ನಮ್ಮಪ್ಪ ಇವತ್ತಿಗೂ ನೋಕಿಯಾನೇ ಬೇಕು ಅಂತಾರೆ. ಅಂಥದ್ದೇನಿತ್ತು ಅದ್ರಲ್ಲಿ?

ಇದನ್ನು ಕೇಳಿದರೆ ಕೈಲಿರುವ ಕೆಲಸ ಬದಿಗಿಟ್ಟು ಉತ್ತರ ಹೇಳುತ್ತೇನೆ.

2003ರಲ್ಲಿ ಬಂದ ನೋಕಿಯಾ 1100 ಪ್ರಪಂಚದಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ನಮ್ಮಂಥ ದೇಶಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ ಸೆಟ್ಟು ಅದು. ಮುಂಭಾಗದ ಕೀಪ್ಯಾಡ್ ಒಂದೇ ರಬ್ಬರ್ ಹಾಳೆ, ಬಟನ್ನಿನ ನಡುವೆ ಸಂದಿ ಇಲ್ಲ, ಧೂಳು ಒಳಗೆ ಹೋಗುವುದು ಕಷ್ಟ. ಪಕ್ಕದಲ್ಲಿ ಕೈ ಜಾರದ ಹಾಗೆ ಗೀರುಗಳು. ತಲೆಯಲ್ಲಿ ಟಾರ್ಚು, ಸಿ ಬಟನ್ ಒತ್ತಿ ಹಿಡಿದರೆ ಹತ್ತುತ್ತಿತ್ತು.

ನಮ್ಮ ಕಡೆ ತ್ರೀ ಫೇಸ್ ಕರೆಂಟು ಬರುತ್ತಿದ್ದುದು ಎಷ್ಟೋ ಸಲ ನಡುರಾತ್ರಿ. ಮೋಟರ್ ಹಾಕಲು ತೋಟಕ್ಕೆ ಹೋಗುವವರು ಆ ಟಾರ್ಚಿನ ಬೆಳಕಿನಲ್ಲೇ ಹೋಗುತ್ತಿದ್ದರು. ಎರಡೂ ಕೈ ಬೇಕಾದಾಗ ಫೋನನ್ನು ಬಾಯಲ್ಲಿ ಕಚ್ಚಿ ಹಿಡಿದು ಸ್ಟಾರ್ಟರ್ ಡಬ್ಬಿ ತೆಗೆಯುತ್ತಿದ್ದರು. ರಿಪೇರಿಗೆ ಬಂದ 1100ಗಳ ತಲೆಯ ಮೇಲೆ ಹಲ್ಲಿನ ಗುರುತು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ.

ತೊಟ್ಟಿಗೆ ಬಿದ್ದ ಸೆಟ್ಟು ತಂದರೆ ನಕ್ಷತ್ರದ ಬಾಯಿಯ ಟಿ6 ಸ್ಕ್ರೂ ಬಿಚ್ಚುವುದು, ಬೋರ್ಡ್ ಹೊರತೆಗೆದು ಬ್ರಶ್ಶಿನಲ್ಲಿ ಐಪಿಎ (ಬೋರ್ಡ್ ತೊಳೆಯುವ ಆಲ್ಕೋಹಾಲ್) ಹಾಕಿ ಉಜ್ಜುವುದು, ಬ್ಲೋವರಿನಲ್ಲಿ ಒಣಗಿಸುವುದು, ಬಿಎಲ್-5ಸಿ ಬ್ಯಾಟರಿ ಹಾಕುವುದು. ಹತ್ತಕ್ಕೆ ಎಂಟು ಸಲ ಎರಡು ಕೈ ಜೋಡಿಸಿದ ಆ ಚಿತ್ರ ಸ್ಕ್ರೀನಿನಲ್ಲಿ ಬರುತ್ತಿತ್ತು. ನಿಮ್ಮ ತಂದೆಯವರು ಕೇಳುತ್ತಿರುವುದು ಆ ಭರವಸೆಯನ್ನು. ಹೊಸ ಫ್ಲ್ಯಾಗ್‌ಶಿಪ್ ಸುದ್ದಿಗೆ ಇಷ್ಟು ಜನ ಕಿವಿಗೊಡುವುದಕ್ಕೂ ಅದೇ ಕಾರಣ.

## ಗಾಳಿಸುದ್ದಿಯ ವಿಚಾರ

ಯೂಟ್ಯೂಬಲ್ಲಿ 200 ಮೆಗಾಪಿಕ್ಸೆಲ್ ಕ್ಯಾಮೆರಾ ಇರೋ ನೋಕಿಯಾ ತೋರಿಸ್ತಿದ್ದಾರಲ್ಲ, ಅದು ಸುಳ್ಳಾ?

ಸುಳ್ಳು. 2022ರಲ್ಲಿ ನೋಕಿಯಾ ಎನ್73 5ಜಿ ಎಂಬ ಹೆಸರು ಓಡಾಡಿತು, ಆಮೇಲೆ ಮ್ಯಾಜಿಕ್ ಮ್ಯಾಕ್ಸ್ ಬಂತು. ಎರಡೂ ಚಿತ್ರದಲ್ಲೇ ಹುಟ್ಟಿ ಚಿತ್ರದಲ್ಲೇ ಉಳಿದವು. ಡಿಸೈನ್ ಕಲಿತ ಯಾರೋ ಅಭಿಮಾನದಿಂದ ಬಿಡಿಸಿದ ಕಲ್ಪನೆಯನ್ನು ಇನ್ನೊಬ್ಬರು ಎತ್ತಿಕೊಂಡು 'ಭಾರತದಲ್ಲಿ ಬಿಡುಗಡೆ' ಎಂದು ತಲೆಬರಹ ಹಾಕುತ್ತಾರೆ. ಮೂಲದ ಎನ್73 2006ರ ಫೋನು, 3.2 ಮೆಗಾಪಿಕ್ಸೆಲ್, ಕಾರ್ಲ್ ಝೈಸ್ ಲೆನ್ಸು. ಕಾಲೇಜು ಹುಡುಗರು ಅದಕ್ಕಾಗಿ ಆಸೆಪಡುತ್ತಿದ್ದ ಕಾಲ ನನಗೆ ನೆನಪಿದೆ. ಆ ಆಸೆಯನ್ನೇ ಈ ವಿಡಿಯೊಗಳು ಬಂಡವಾಳ ಮಾಡಿಕೊಂಡಿವೆ, ಅದಕ್ಕೇ ನನಗೆ ಅವುಗಳ ಮೇಲೆ ಸಿಟ್ಟು.

ಒಂದು ಸುಲಭದ ಲೆಕ್ಕ ಹೇಳುತ್ತೇನೆ. ದೊಡ್ಡ ಕ್ಯಾಮೆರಾ, ದೊಡ್ಡ ಬ್ಯಾಟರಿ, ತೆಳ್ಳನೆಯ ದೇಹ, ಹತ್ತು ಸಾವಿರದೊಳಗಿನ ಬೆಲೆ: ಈ ನಾಲ್ಕೂ ಒಂದೇ ಫೋನಿನಲ್ಲಿವೆ ಎಂದರೆ ಅಂಥ ಫೋನು ಇಲ್ಲ ಎಂದೇ ಅರ್ಥ.

ಸುದ್ದಿ ನಿಜವೋ ಸುಳ್ಳೋ ಅಂತ ನಾನೇ ಹೇಗೆ ನೋಡ್ಕೊಳ್ಳೋದು?

ನಿಜವಾದ ಫೋನು ಅಂಗಡಿಗೆ ಬರುವ ಮೊದಲು ಸರ್ಕಾರಿ ಕಾಗದಗಳಲ್ಲಿ ಹೆಜ್ಜೆ ಬಿಟ್ಟು ಬರುತ್ತದೆ. ನಮ್ಮಲ್ಲಿ ಮೊಬೈಲ್ ಮಾರಬೇಕಾದರೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಕಡ್ಡಾಯ. ಅಮೆರಿಕಕ್ಕೆ ಎಫ್‌ಸಿಸಿ, ಚೀನಾಕ್ಕೆ ಟೆನಾ. ಬ್ಲೂಟೂತ್ ಹಾಕಲು ಬ್ಲೂಟೂತ್ ಸಂಘದ ಪಟ್ಟಿಯಲ್ಲಿ ಹೆಸರು ಬರಬೇಕು. ಎಚ್‌ಎಂಡಿ ಮಾಡಿದ ನೋಕಿಯಾ ಫೋನುಗಳ ಮಾಡೆಲ್ ನಂಬರು ಟಿಎ ಎಂದು ಶುರುವಾಗಿ ನಾಲ್ಕು ಅಂಕಿ ಇರುತ್ತದೆ. ಸುದ್ದಿಯಲ್ಲಿ ಅಂಥ ನಂಬರೂ ಅದು ಸಿಕ್ಕಿದ ಪಟ್ಟಿಯೂ ಇದ್ದರೆ ಸ್ವಲ್ಪ ಗಮನ ಕೊಡಬಹುದು. ಆದರೂ ಬಿಐಎಸ್ ಪಟ್ಟಿಯಲ್ಲಿ ಬೆಲೆ ಇರುವುದಿಲ್ಲ, ಬಿಡುಗಡೆ ದಿನಾಂಕ ಇರುವುದಿಲ್ಲ. ಅವೆರಡನ್ನೂ ಸೇರಿಸಿ ಹೇಳಿದರೆ ಸೇರಿಸಿದ್ದು ಹೇಳಿದವರೇ.

ಫೋನಿನ ವೇಗ ಅಳೆಯುವ ಗೀಕ್‌ಬೆಂಚ್ ಆ್ಯಪಿನ ಅಂಕಗಳನ್ನು ಮಾತ್ರ ಅಷ್ಟಾಗಿ ನೆಚ್ಚಬೇಡಿ. ಫೋನಿನ ಸಾಫ್ಟ್‌ವೇರಿನಲ್ಲಿ ಹೆಸರು ಬದಲಿಸಿ ಯಾವ ಹೆಸರಿನಲ್ಲಿ ಬೇಕಾದರೂ ಟೆಸ್ಟ್ ಓಡಿಸಬಹುದು. ಅಂಕ ನಿಜವಿದ್ದಾಗಲೂ ಊಹೆ ತಪ್ಪುತ್ತದೆ. 2016ರಲ್ಲಿ ನೋಕಿಯಾ ಡಿ1ಸಿ ಎಂಬ ಹೆಸರು ಇಂಥ ಪಟ್ಟಿಗಳಲ್ಲಿ ಕಂಡಾಗ ಕೆಲವರು ಫೋನು ಎಂದರು, ಕೆಲವರು ಟ್ಯಾಬ್ಲೆಟ್ ಎಂದರು. ಮರುವರ್ಷ ಜನವರಿಯಲ್ಲಿ ಚೀನಾದಲ್ಲಿ ಬಂದದ್ದು ಮಧ್ಯಮ ದರ್ಜೆಯ ನೋಕಿಯಾ 6.

ಪ್ರೀ ಬುಕಿಂಗಿಗೆ 1,999 ಕಟ್ಟಿ ಅಂತ ಲಿಂಕ್ ಬಂದಿದೆ, ಕಟ್ಲಾ?

ಕಟ್ಟಬೇಡಿ. ನಮ್ಮ ಅಂಗಡಿಗೆ ಬರುವ ಒಬ್ಬ ಮೇಷ್ಟ್ರು ಇದೇ ರೀತಿ ಒಂದು ವೆಬ್‌ಸೈಟಿನಲ್ಲಿ ದುಡ್ಡು ಹಾಕಿ ರಸೀದಿಯ ಪ್ರಿಂಟ್ ಮಡಿಸಿ ಜೇಬಿನಲ್ಲಿಟ್ಟುಕೊಂಡು ಬಂದರು. ರಸೀದಿಯಲ್ಲಿ ಜಿಎಸ್‌ಟಿ ನಂಬರು ಇಲ್ಲ, ವಿಳಾಸ ಇಲ್ಲ, ಫೋನಿನ ಮಾಡೆಲ್ ನಂಬರೂ ಇಲ್ಲ. ಎರಡು ತಿಂಗಳ ಮೇಲೆ ಆ ಸೈಟು ತೆರೆಯುವುದೇ ನಿಂತಿತು. ಮಗಳಿಗೆ ಕೊಡಿಸಬೇಕೆಂದು ಇಟ್ಟಿದ್ದ ದುಡ್ಡು ಅದು, ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ.

ಕಂಪನಿ ಘೋಷಣೆಯನ್ನೇ ಮಾಡದ ಫೋನಿಗೆ ಬುಕಿಂಗ್ ಇರಲು ಸಾಧ್ಯವೇ ಇಲ್ಲ. ದುಡ್ಡು ಕಟ್ಟಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ. ಬೇಗ ಮಾಡಿದಷ್ಟೂ ದುಡ್ಡು ತಡೆಹಿಡಿಯುವ ಅವಕಾಶ ಹೆಚ್ಚು.

## ಹಿಂದೆ ಬಂದವು

ಎಚ್‌ಎಂಡಿ ಬಂದ ಮೇಲೆ ನಿಜವಾದ ಫ್ಲ್ಯಾಗ್‌ಶಿಪ್ ಬಂದಿದ್ದುಂಟಾ?

ಮೂರು ಸಲ ಬಂತು. ಇದನ್ನು ತಿಳಿದುಕೊಂಡರೆ ಮುಂದಿನ ಸುದ್ದಿಯನ್ನು ಹೇಗೆ ಓದಬೇಕು ಎಂಬುದು ಗೊತ್ತಾಗುತ್ತದೆ.

2017ರ ಫೆಬ್ರವರಿಯಲ್ಲಿ ಬಾರ್ಸಿಲೋನಾದ ಮೇಳದಲ್ಲಿ ಎಲ್ಲರೂ ಫ್ಲ್ಯಾಗ್‌ಶಿಪ್ ಕಾದಿದ್ದರು. ಪಿ1 ಎಂಬ ಹೆಸರು ಆಗ ಎಲ್ಲರ ಬಾಯಲ್ಲಿತ್ತು. ಬಂದದ್ದು ನೋಕಿಯಾ 3, 5, 6 ಮತ್ತು ಹೊಸ ವೇಷದ 3310. ಆ 3310 ನಮ್ಮಲ್ಲಿ ಮೇ ತಿಂಗಳಲ್ಲಿ 3,310 ರೂಪಾಯಿಗೇ ಬಂತು. ಆದರೆ ಅದು 2ಜಿ ಸೆಟ್ಟು, ಆ ಹೊತ್ತಿಗೆ ಮನೆಮನೆಗೆ ಬಂದಿದ್ದ ಜಿಯೊ ಸಿಮ್ ಅದರಲ್ಲಿ ನಡೆಯುತ್ತಿರಲಿಲ್ಲ. ಆಸೆಯಿಂದ ಕೈಗೆತ್ತಿಕೊಂಡವರಿಗೆ ಆ ಮಾತು ಹೇಳಿ ವಾಪಸ್ ಇಡಿಸುವುದು ನನಗೆ ಕಷ್ಟದ ಕೆಲಸವಾಗಿತ್ತು.

ಫ್ಲ್ಯಾಗ್‌ಶಿಪ್ ಬಂದದ್ದು ಆಗಸ್ಟಿನಲ್ಲಿ, ಲಂಡನ್ನಿನಲ್ಲಿ: ನೋಕಿಯಾ 8. ಆ ವರ್ಷದ ಮೇಲ್ದರ್ಜೆಯ ಪ್ರೊಸೆಸರ್ ಸ್ನ್ಯಾಪ್‌ಡ್ರ್ಯಾಗನ್ 835, ಝೈಸ್ ಕ್ಯಾಮೆರಾ, ಅಲ್ಯೂಮಿನಿಯಂ ದೇಹ. ಸೆಪ್ಟೆಂಬರಿನಲ್ಲಿ ಇಲ್ಲಿಗೆ ಬಂದಾಗ ಬೆಲೆ 36,999. ಮೂರರಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಹಿಡಿದರೆ ಕೈಗೆ ಭಾರ ಗೊತ್ತಾಗದೆ ಗಟ್ಟಿತನ ಮಾತ್ರ ಗೊತ್ತಾಗುತ್ತಿತ್ತು.

2018ರಲ್ಲಿ 8 ಸಿರೊಕೊ. ಅಂಚು ಬಾಗಿದ ಗಾಜು, ಸ್ಟೀಲ್ ಚೌಕಟ್ಟು, 49,999 ರೂಪಾಯಿ. ನೋಡಲು ಒಡವೆಯ ಹಾಗಿತ್ತು. ಆದರೆ ಒಳಗಿದ್ದದ್ದು ಹಿಂದಿನ ವರ್ಷದ ಅದೇ 835, ಆಗ ಬೇರೆಯವರು 845 ಹಾಕಿ ಮಾರುತ್ತಿದ್ದರು.

2019ರ ಫೆಬ್ರವರಿಯಲ್ಲಿ ನೋಕಿಯಾ 9 ಪ್ಯೂರ್‌ವ್ಯೂ. ಹಿಂಭಾಗದಲ್ಲಿ ಐದು ಕ್ಯಾಮೆರಾ, ಎಲ್ಲವೂ 12 ಮೆಗಾಪಿಕ್ಸೆಲ್, ಎರಡು ಬಣ್ಣದವು, ಮೂರು ಕಪ್ಪುಬಿಳುಪಿನವು. ಐದೂ ಒಟ್ಟಿಗೆ ತೆಗೆದು ಒಂದೇ ಚಿತ್ರ ಮಾಡುತ್ತಿದ್ದವು. ಲೈಟ್ ಎಂಬ ಅಮೆರಿಕದ ಕಂಪನಿಯ ತಂತ್ರಜ್ಞಾನ ಅದು. ಯೋಚನೆ ನಿಜಕ್ಕೂ ಹೊಸದು. ಆದರೆ ಒಂದೊಂದು ಚಿತ್ರ ತಯಾರಾಗುವುದಕ್ಕೂ ಹೊತ್ತು ಹಿಡಿಯುತ್ತಿತ್ತು. ಇದರಲ್ಲೂ ಒಂದು ವರ್ಷ ಹಿಂದಿನ ಪ್ರೊಸೆಸರ್: 855ರ ಕಾಲದಲ್ಲಿ 845. ನಮ್ಮ ದೇಶಕ್ಕೆ ಜುಲೈಯಲ್ಲಿ ಬಂತು, ಬೆಲೆ ಮತ್ತೆ 49,999. ಕೊನೆಗೆ ಇದಕ್ಕೆ ಆಂಡ್ರಾಯ್ಡ್ 11 ಕೊಡುವುದಿಲ್ಲ ಎಂದು ಕಂಪನಿ 2021ರಲ್ಲಿ ಹೇಳಿತು.

ಮೇಲ್ದರ್ಜೆಯ ಪ್ರೊಸೆಸರ್ ಇರುವ ನೋಕಿಯಾ ಅಲ್ಲಿಗೆ ನಿಂತಿತು. ಆಮೇಲೆ ಬಂದ 8.3 5ಜಿ, ಎಕ್ಸ್30 ಮುಂತಾದವು ಮಧ್ಯಮ ದರ್ಜೆಯ ಪ್ರೊಸೆಸರಿನವು. ಹೊಸ ಸುದ್ದಿ ಬಂದಾಗ ನಾನು ಮೊದಲು ನೋಡುವುದು ಪ್ರೊಸೆಸರಿನ ನಂಬರನ್ನೇ.

ಅಷ್ಟು ಜನ ಇಟ್ಕೊಂಡಿದ್ದ ಫೋನ್ ಸೋತಿದ್ದು ಯಾಕೆ?

2007ರಲ್ಲಿ ಐಫೋನ್, ಮರುವರ್ಷ ಆಂಡ್ರಾಯ್ಡ್ ಫೋನು ಬಂದವು. ನೋಕಿಯಾ ಫೋನನ್ನು ನಡೆಸುತ್ತಿದ್ದ ಸಿಂಬಿಯನ್ ಸಾಫ್ಟ್‌ವೇರ್ ಹುಟ್ಟಿದ್ದು ಬಟನ್ನಿನ ಕಾಲಕ್ಕೆ, ಅದನ್ನು ಟಚ್ಚಿಗೆ ಒಗ್ಗಿಸುವಷ್ಟರಲ್ಲಿ ಆ್ಯಪ್ ಮಾಡುವವರೆಲ್ಲ ಆ ಕಡೆ ಹೋಗಿಯಾಗಿತ್ತು. 2011ರ ಫೆಬ್ರವರಿ 11ರಂದು ಮುಖ್ಯಸ್ಥ ಸ್ಟೀಫನ್ ಎಲೊಪ್ ವಿಂಡೋಸ್ ಫೋನಿನ ಕಡೆ ಹೋಗುವ ನಿರ್ಧಾರ ಪ್ರಕಟಿಸಿದರು. ವಿಂಡೋಸ್ ಹಾಕಿ ನೋಕಿಯಾ ತಂದ ಲೂಮಿಯಾ ಫೋನುಗಳ ಕ್ಯಾಮೆರಾ ಈಗಲೂ ಹೊಗಳಬೇಕಾದದ್ದೇ: 2013ರ ಲೂಮಿಯಾ 1020ರಲ್ಲೇ 41 ಮೆಗಾಪಿಕ್ಸೆಲ್ ಇತ್ತು. ಆದರೆ ಗ್ರಾಹಕರು ಕೇಳಿದ ಆ್ಯಪ್ ಅದರಲ್ಲಿ ಸಿಗುತ್ತಿರಲಿಲ್ಲ.

ನಮ್ಮ ಊರಿನ ಮಟ್ಟಿಗೆ ಇನ್ನೊಂದು ಕಾರಣವಿದೆ, ದೊಡ್ಡ ಪತ್ರಿಕೆಗಳು ಅದನ್ನು ಅಷ್ಟಾಗಿ ಬರೆಯುವುದಿಲ್ಲ: ಡಬಲ್ ಸಿಮ್. ಕಡಿಮೆ ದರದ ಕರೆಗೆ ಒಂದು, ಊರವರಿಗೆ ಗೊತ್ತಿರುವ ಹಳೆ ನಂಬರಿಗೆ ಒಂದು ಎಂದು ಜನ ಎರಡು ಸಿಮ್ ಇಟ್ಟುಕೊಳ್ಳುತ್ತಿದ್ದರು. ಮೈಕ್ರೋಮ್ಯಾಕ್ಸ್, ಕಾರ್ಬನ್ ಅದನ್ನು ಬೇಗ ಹಿಡಿದವು. ನೋಕಿಯಾ ಡಬಲ್ ಸಿಮ್ ತರುವಷ್ಟರಲ್ಲಿ ನನ್ನ ಶೋಕೇಸಿನ ಮುಂದಿನ ಸಾಲು ಅವರದಾಗಿತ್ತು.

ನೋಕಿಯಾ ಮಾರಿದ ಕಡೆಯೂ ಕೊಂಡ ಕಡೆಯೂ ನಮ್ಮ ಮಣಿಪಾಲದಲ್ಲಿ ಓದಿದೋರೇ ಇದ್ರಂತೆ?

ಹೌದು. ವ್ಯವಹಾರ ಮುಗಿಯುವ ಹೊತ್ತಿಗೆ ಮೈಕ್ರೋಸಾಫ್ಟಿನ ಮುಖ್ಯಸ್ಥರು ಸತ್ಯ ನಾದೆಲ್ಲ. ಅದು ಮುಗಿದ ಮರುವಾರ ನೋಕಿಯಾದ ಮುಖ್ಯಸ್ಥರಾದವರು ರಾಜೀವ್ ಸೂರಿ. ಇಬ್ಬರೂ ಮಣಿಪಾಲ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಓದಿದವರು. ಆದರೆ ಮಾರುವ ತೀರ್ಮಾನ ಆದದ್ದು ಇಬ್ಬರೂ ಆ ಕುರ್ಚಿಗೆ ಬರುವ ಮೊದಲು. ಕೊಂಡ ವ್ಯಾಪಾರಕ್ಕೆ ಸಂಬಂಧಿಸಿ 760 ಕೋಟಿ ಡಾಲರ್ ನಷ್ಟ ಬರೆದುಕೊಂಡದ್ದು 2015ರಲ್ಲಿ, ನಾದೆಲ್ಲ ಅವರ ಕಾಲದಲ್ಲಿ. ಅದೇ ವರ್ಷ ಸೂರಿ, ಫೋನಿಗೆ ಮತ್ತೆ ನೋಕಿಯಾ ಹೆಸರು ಕೊಡಲು ಪಾಲುದಾರರನ್ನು ಹುಡುಕುತ್ತೇವೆ ಎಂದರು. ಎಚ್‌ಎಂಡಿಗೆ ದಾರಿಯಾದದ್ದು ಅಲ್ಲಿಂದ.

ಚೆನ್ನೈ ಹತ್ರ ಇದ್ದ ಫ್ಯಾಕ್ಟರಿ ಮತ್ತೆ ಶುರುವಾಗುತ್ತಾ?

ಶ್ರೀಪೆರಂಬುದೂರಿನದು 2006ರಲ್ಲಿ ಉತ್ಪಾದನೆ ಶುರುಮಾಡಿ 2014ರ ನವೆಂಬರ್ 1ರಂದು ನಿಂತಿತು. ತೆರಿಗೆ ತಕರಾರಿನಿಂದ ಅದು ಮೈಕ್ರೋಸಾಫ್ಟ್ ವ್ಯವಹಾರಕ್ಕೆ ಸೇರಲೇ ಇಲ್ಲ. ಸಾವಿರಾರು ಜನ, ಅವರಲ್ಲಿ ಬಹಳಷ್ಟು ಹೆಣ್ಣುಮಕ್ಕಳು, ಕೆಲಸ ಕಳೆದುಕೊಂಡರು. ಹೊಸ ಫೋನ್ ಬಂದರೂ ಆ ಫ್ಯಾಕ್ಟರಿಗೂ ಅದಕ್ಕೂ ನಂಟಿಲ್ಲ.

## ಕೊಳ್ಳುವವರಿಗೆ

ಎಚ್‌ಎಂಡಿ ಅಂತ್ಲೇ ಫೋನ್ ಬಂದಿದೆಯಲ್ಲ, ಅದೇ ನೋಕಿಯಾ ಫ್ಲ್ಯಾಗ್‌ಶಿಪ್ಪಾ?

ಅಲ್ಲ. 2024ರ ಜನವರಿಯಲ್ಲಿ ಎಚ್‌ಎಂಡಿ ತನ್ನದೇ ಹೆಸರಿನಲ್ಲೂ ಫೋನು ತರುವುದಾಗಿ ಹೇಳಿತು. ಆ ವರ್ಷ ಬಂದ ಎಚ್‌ಎಂಡಿ ಸ್ಕೈಲೈನ್ ನೋಡಿದವರೆಲ್ಲ ಲೂಮಿಯಾ ನೆನಪಾಯಿತು ಎಂದರು, ಆ ಚೌಕದ ಅಂಚೇ ಹಾಗಿದೆ. ನಮ್ಮಲ್ಲಿ ಬಂದಾಗ ಬೆಲೆ 35,999 ರೂಪಾಯಿ ಇತ್ತು. ಪ್ರೊಸೆಸರ್ ಮಧ್ಯಮ ದರ್ಜೆಯ ಸ್ನ್ಯಾಪ್‌ಡ್ರ್ಯಾಗನ್ 7ಎಸ್ ಜೆನ್ 2. ರಿಪೇರಿ ಮಾಡುವವನಾಗಿ ಅದರಲ್ಲಿ ನಾನು ಮೆಚ್ಚಿದ್ದು ಒಂದು: ಒಂದು ಸ್ಕ್ರೂ ತಿರುಗಿಸಿದರೆ ಹಿಂಬದಿ ಕವರ್ ಬಿಚ್ಚಿಕೊಳ್ಳುತ್ತದೆ. ಬೇರೆ ಫೋನಿನಲ್ಲಾದರೆ ಹಾಟ್ ಪ್ಲೇಟಿನ ಮೇಲಿಟ್ಟು ಗಮ್ ಕರಗಿಸಿ, ಗಾಜು ಒಡೆಯದಿರಲಿ ಎಂದು ಉಸಿರು ಬಿಗಿಹಿಡಿದು ಎಬ್ಬಿಸಬೇಕು.

ಝೈಸ್ ಲೆನ್ಸ್ ಮತ್ತೆ ಬರುತ್ತಾ?

ಝೈಸ್ 2020ರ ಕೊನೆಯಿಂದ ವಿವೊ ಜೊತೆ ಕೈಜೋಡಿಸಿದೆ. ಅದರ ಎಕ್ಸ್ ಸರಣಿಯ ಫೋನುಗಳ ಮೇಲೆ ನೀಲಿ ಗುರುತನ್ನು ನೀವೇ ನೋಡಿರುತ್ತೀರಿ. ನೋಕಿಯಾ ಸುದ್ದಿಯಲ್ಲಿ ಝೈಸ್ ಹೆಸರು ಕಂಡರೆ ಇನ್ನೊಮ್ಮೆ ಪರೀಕ್ಷಿಸಿ.

ಕಾಯ್ಲಾ, ಈಗ್ಲೇ ಬೇರೆ ತಗೊಳ್ಳಾ?

ಈಗಿನ ಫೋನು ಕೆಲಸ ಮಾಡುತ್ತಿದ್ದರೆ ಯಾವ ಸುದ್ದಿಯೂ ಇಲ್ಲದೆಯೇ ಕಾಯಬಹುದು, ಅದು ಒಳ್ಳೆಯದೇ. ಬ್ಯಾಟರಿ ಉಬ್ಬಿದೆ, ಬ್ಯಾಂಕಿನ ಆ್ಯಪ್ ಓಡುತ್ತಿಲ್ಲ, ಮಗುವಿನ ಪಾಠ ನಿಂತಿದೆ ಎಂದಿದ್ದರೆ ಗಾಳಿಸುದ್ದಿಗೆ ಕಾಯಬೇಡಿ. ನೋಕಿಯಾ 9ರ ಬಗ್ಗೆ 2018ರಿಂದ ಕಾದು ಕುಳಿತವರಿಗೆ ಫೋನು ಸಿಕ್ಕಿದ್ದು 2019ರ ಜುಲೈಯಲ್ಲಿ. ಮನೆಯ ಹಿರಿಯರಿಗೆ ಆ ಹೆಸರೇ ಬೇಕೆಂದಿದ್ದರೆ ಕೀಪ್ಯಾಡ್ ಸೆಟ್ ಕೊಡಿಸಿ. 2024ರ 3210ರಲ್ಲಿ 4ಜಿ ಇದೆ, ಯುಪಿಐ ಕೂಡ ಇದೆ.

ನಿಜವಾಗ್ಲೂ ಬಂದ್ರೆ ದುಡ್ಡು ಕೊಡೋ ಮುಂಚೆ ಏನೇನು ನೋಡ್ಲಿ?

ಪ್ರೊಸೆಸರ್ ಅದೇ ವರ್ಷದ್ದಾ, ಹಿಂದಿನದ್ದಾ ನೋಡಿ. ಎಷ್ಟು ವರ್ಷ ಆಂಡ್ರಾಯ್ಡ್ ಅಪ್‌ಡೇಟ್ ಎಂಬುದನ್ನು ಕಂಪನಿ ಬರೆದು ಕೊಟ್ಟಿದೆಯಾ ನೋಡಿ, ಮಾರುವವರ ಬಾಯಿಮಾತು ಬೇಡ. ಸ್ಟಾರ್ ಹ್ಯಾಷ್ 06 ಹ್ಯಾಷ್ ಒತ್ತಿದರೆ ಬರುವ ಐಎಂಇಐ ನಂಬರು, ಅಂದರೆ ಆ ಫೋನಿನ ಗುರುತಿನ ಸಂಖ್ಯೆ, ಬಾಕ್ಸಿನ ಮೇಲಿನದಕ್ಕೆ ಹೊಂದಬೇಕು. ಕೆವೈಎಂ ಎಂದು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ, ಜಾಗ ಬಿಟ್ಟು ಆ ನಂಬರು ಹಾಕಿ 14422ಕ್ಕೆ ಮೆಸೇಜ್ ಕಳಿಸಿದರೆ ಫೋನಿನ ವಿವರ ಬರುತ್ತದೆ. ಬಾಕ್ಸಿನ ಮೇಲಿನ ಬಿಐಎಸ್ ನೋಂದಣಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ನೋಡಬಹುದು.

ಕೊನೆಯದು, ಯಾರೂ ಕೇಳದ್ದು: ನಿಮ್ಮ ಜಿಲ್ಲೆಯಲ್ಲಿ ಸರ್ವೀಸ್ ಸೆಂಟರ್ ಎಲ್ಲಿದೆ, ಅಲ್ಲಿ ಆ ಮಾಡೆಲಿನ ಫೋಲ್ಡರ್ ಸಿಗುತ್ತದಾ? ಅಂಗಡಿ ಭಾಷೆಯಲ್ಲಿ ಫೋಲ್ಡರ್ ಎಂದರೆ ಟಚ್ಚೂ ಡಿಸ್ಪ್ಲೇಯೂ ಸೇರಿದ ಭಾಗ. ನನ್ನ ಡ್ರಾಯರಿನಲ್ಲಿ ಒಂದು ಕಂಪನಿಯ ದುಬಾರಿ ಫೋನಿದೆ. ಬೋರ್ಡ್ ಸರಿ ಇದೆ, ಚಾರ್ಜ್ ಆಗುತ್ತದೆ, ಕರೆ ಬಂದರೆ ರಿಂಗೂ ಆಗುತ್ತದೆ. ಫೋಲ್ಡರ್ ಮಾತ್ರ ಬೆಂಗಳೂರಿನ ಎಸ್‌ಪಿ ರೋಡಿನಲ್ಲೂ ಸಿಕ್ಕಿಲ್ಲ. ಅದರ ಯಜಮಾನರು ತಿಂಗಳಿಗೊಮ್ಮೆ ಸಂತೆಗೆ ಬಂದಾಗ ಬಾಗಿಲಲ್ಲೇ ನಿಂತು 'ಬಂತಾ?' ಎಂದು ಕೇಳಿ ಹೋಗುತ್ತಾರೆ.